ವಿಫ್ರೆದೊ ಲಾಮ್ ಅವರನ್ನು ‘ಪಿಕಾಸೊ ಪ್ರಭಾವದ ಕಲಾವಿದ’ ಎಂದು ಒಂದೇ ಸಾಲಿನಲ್ಲಿ ಮುಗಿಸುವುದು ಸರಿಯೇ?

ರೇಖೆ-ಬಣ್ಣ

ಎಲ್ಲರಿಗೂ ನಮಸ್ಕಾರ. ನಾನು ಚಿತ್ರಕಲಾ ವಿದ್ಯಾರ್ಥಿಗಳಿಗೆ ಆಧುನಿಕ ಕಲೆಯ ಇತಿಹಾಸವನ್ನು ಪಾಠ ಮಾಡುತ್ತೇನೆ. ನಮ್ಮಲ್ಲಿ ಬಹಳ ವರ್ಷಗಳಿಂದ ಕೈಯಿಂದ ಕೈಗೆ ಬಂದಿರುವ ಟಿಪ್ಪಣಿಯಲ್ಲಿ ಕ್ಯೂಬಾದ ವರ್ಣಚಿತ್ರಕಾರ ವಿಫ್ರೆದೊ ಲಾಮ್ ಅವರಿಗೆ ಮೀಸಲಾಗಿರುವುದು ಒಂದೇ ವಾಕ್ಯ. ಅವರು ಪಿಕಾಸೊ ಪ್ರಭಾವಕ್ಕೆ ಒಳಗಾದ ಸರ್ರಿಯಲಿಸ್ಟ್ (ಕನಸು, ಸುಪ್ತಮನಸ್ಸಿನಿಂದ ಚಿತ್ರ ಕಟ್ಟುವ ಪಂಥದ) ಕಲಾವಿದರು ಎಂದು ಹೇಳಿ ಟಿಪ್ಪಣಿ ಮುಂದಿನ ಹೆಸರಿಗೆ ಹೋಗಿಬಿಡುತ್ತದೆ. ತರಗತಿಯಲ್ಲಿ ಆ ವಾಕ್ಯ ಬಂದಾಗಲೆಲ್ಲ ನನಗೆ ಕಸಿವಿಸಿಯಾಗುತ್ತದೆ.

ಲಾಮ್ ಹುಟ್ಟಿದ್ದು 1902ರ ಡಿಸೆಂಬರ್ 8ರಂದು, ಕಬ್ಬಿನ ಸೀಮೆಯ ಸಾಗ್ವಾ ಲಾ ಗ್ರಾಂದೆ ಎಂಬ ಊರಿನಲ್ಲಿ. ತಂದೆ ಚೀನಾದಿಂದ ವಲಸೆ ಬಂದವರು. ತಾಯಿಯ ಕಡೆಯಿಂದ ಆಫ್ರಿಕಾ ಮತ್ತು ಸ್ಪೇನ್ ಎರಡರ ರಕ್ತವೂ ಬಂದಿತ್ತು. ಕ್ಯೂಬಾದಲ್ಲಿ ಗುಲಾಮಗಿರಿ ರದ್ದಾದದ್ದು 1886ರಲ್ಲಿ, ಅಂದರೆ ಲಾಮ್ ಹುಟ್ಟುವುದಕ್ಕೆ ಕೇವಲ 16 ವರ್ಷಗಳ ಮೊದಲು. ಅವರ ಧರ್ಮತಾಯಿ ಮಾಂತೊನಿಕಾ ವಿಲ್ಸನ್ ಸಾಂತೆರಿಯಾ ಸಂಪ್ರದಾಯದ ಪೂಜಾರಿಣಿಯಾಗಿದ್ದರು. ಪಶ್ಚಿಮ ಆಫ್ರಿಕಾದಿಂದ ಗುಲಾಮರಾಗಿ ಬಂದ ಯೊರುಬಾ ಜನರು ತಮ್ಮ ಒರಿಷಾ ದೇವತೆಗಳನ್ನು ಕ್ಯಾಥೊಲಿಕ್ ಸಂತರ ಹೆಸರಿನ ಮರೆಯಲ್ಲಿ ಕಾಪಾಡಿಕೊಂಡು ಬಂದ ಸಂಪ್ರದಾಯ ಅದು. ಇಂಥ ಮನೆಯಿಂದ, ಇಂಥ ಮಣ್ಣಿನಿಂದ ಬಂದವರನ್ನು ಇನ್ನೊಬ್ಬ ಕಲಾವಿದನ ನೆರಳಾಗಿ ಮಾತ್ರ ಮಕ್ಕಳಿಗೆ ಪರಿಚಯಿಸುವುದು ನ್ಯಾಯವೇ? 1943ರ ಅವರ ಪ್ರಸಿದ್ಧ ಚಿತ್ರ ‘ದಿ ಜಂಗಲ್’ ಅನ್ನು ಅವರ ದ್ವೀಪದ ಕಡೆಯಿಂದ ನೋಡಲು ಎಲ್ಲಿಂದ ಆರಂಭಿಸಬೇಕು? ತಿಳಿದವರು ದಯವಿಟ್ಟು ಬರೆಯಿರಿ.

ಹವ್ಯಾಸಿ

ಮೇಡಂ, ಆ ವಾಕ್ಯ ಚಿಕ್ಕದಾಗಿರಬಹುದು, ಆದರೆ ಸುಳ್ಳಲ್ಲ. ಲಾಮ್ 1938ರಲ್ಲಿ ಪ್ಯಾರಿಸ್ಸಿಗೆ ಹೋದಾಗ ಕೈಯಲ್ಲಿದ್ದದ್ದು ಪಿಕಾಸೊ ಅವರಿಗೆ ಬರೆದ ಪರಿಚಯ ಪತ್ರ. ಅವರನ್ನು ಅಲ್ಲಿನ ಕಲಾವಲಯಕ್ಕೆ ಪರಿಚಯಿಸಿದವರೂ ಪಿಕಾಸೊ. 1939ರಲ್ಲಿ ಪಿಯರ್ ಲೋಬ್ ಅವರ ಗ್ಯಾಲರಿಯಲ್ಲಿ ಪ್ರದರ್ಶನ ನಡೆದದ್ದು ಆ ನಂಟಿನಿಂದಲೇ. ಅದೇ ವರ್ಷ ನ್ಯೂಯಾರ್ಕಿನ ಪರ್ಲ್ಸ್ ಗ್ಯಾಲರಿಯಲ್ಲಿ ಇಬ್ಬರ ಕೃತಿಗಳನ್ನೂ ಒಟ್ಟಿಗೆ ತೂಗುಹಾಕಲಾಗಿತ್ತು. ಪ್ರಭಾವವನ್ನು ಅಲ್ಲಗಳೆದರೆ ಇತಿಹಾಸಕ್ಕೆ ಅಪಚಾರ ಮಾಡಿದಂತಾಗುತ್ತದೆ.

ಸಾಧನಕೇರಿ

ಹವ್ಯಾಸಿ ಅವರೇ, ಪ್ರಭಾವ ಇತ್ತೆಂಬುದನ್ನು ಯಾರೂ ಅಲ್ಲಗಳೆಯುತ್ತಿಲ್ಲ. ಆದರೆ ನೀವು ಲಾಮ್ ಅವರ ಬದುಕನ್ನು 1938ರಿಂದ ಆರಂಭಿಸುತ್ತಿದ್ದೀರಿ. ಆ ವೇಳೆಗೆ ಅವರಿಗೆ 35 ದಾಟಿತ್ತು. ಹವಾನಾದ ಸಾನ್ ಅಲೆಹಾಂದ್ರೊ ಕಲಾಶಾಲೆಯಲ್ಲಿ ಕಲಿತು, ಹುಟ್ಟೂರಿನ ನಗರಸಭೆ ಕೊಟ್ಟ ವಿದ್ಯಾರ್ಥಿವೇತನ ಹಿಡಿದುಕೊಂಡು 1923ರಲ್ಲಿ ಮ್ಯಾಡ್ರಿಡ್‌ಗೆ ಹೋದವರು ಅವರು. ಅಲ್ಲಿ ಅವರು ಪ್ರಾದೊ ಸಂಗ್ರಹಾಲಯದಲ್ಲಿ ಗೋಯಾ, ಬಾಶ್, ಬ್ರೂಗೆಲ್ ಅವರ ಚಿತ್ರಗಳನ್ನು ನೋಡಿ ಕಲಿತರು. 1931ರಲ್ಲಿ ಹೆಂಡತಿ ಮತ್ತು ಎಳೆಯ ಮಗ ಇಬ್ಬರೂ ಕ್ಷಯರೋಗಕ್ಕೆ ಬಲಿಯಾದರು. ಸ್ಪೇನಿನಲ್ಲಿ ಅಂತರ್ಯುದ್ಧ ಬಂದಾಗ ಗಣರಾಜ್ಯದ ಪಕ್ಷದಲ್ಲಿ ನಿಂತು, ಮದ್ದುಗುಂಡಿನ ಕಾರ್ಖಾನೆಯಲ್ಲಿ ದುಡಿದು, ಅಲ್ಲಿನ ರಾಸಾಯನಿಕಗಳಿಂದ ಕಾಯಿಲೆ ಬಿದ್ದರು. ಪಿಕಾಸೊ ಅವರಿಗೆ ಕೊಡಬೇಕಾದ ಆ ಪರಿಚಯ ಪತ್ರ ಲಾಮ್ ಅವರಿಗೆ ಸಿಕ್ಕಿದ್ದು ಆ ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿದ್ದಾಗ, ಶಿಲ್ಪಿ ಮನೋಲೊ ಊಗೆ ಅವರಿಂದ.

ಪಿಕಾಸೊ ನಂತರದ ಕಥೆಯೂ ಅಷ್ಟೇ ಮುಖ್ಯ. 1940ರಲ್ಲಿ ಜರ್ಮನ್ನರು ಪ್ಯಾರಿಸ್ಸಿಗೆ ಬಂದಾಗ ಲಾಮ್ ಮಾರ್ಸೇಲ್‌ಗೆ ಓಡಿದರು. 1941ರ ಮಾರ್ಚ್‌ನಲ್ಲಿ ಹಡಗು ಹತ್ತಿದರು. ಸರ್ರಿಯಲಿಸ್ಟರ ನಾಯಕ ಆಂದ್ರೆ ಬ್ರೆತೋಂ ಮತ್ತು ಮಾನವಶಾಸ್ತ್ರಜ್ಞ ಲೆವಿ-ಸ್ತ್ರಾಸ್ ಕೂಡ ಅದೇ ಹಡಗಿನಲ್ಲಿದ್ದರು. ಮಾರ್ಟಿನಿಕ್ ದ್ವೀಪದಲ್ಲಿ ಇಳಿದಾಗ ಕವಿ ಎಮೆ ಸೆಜೇರ್ ಅವರ ಪರಿಚಯವಾಯಿತು. ಕಪ್ಪು ಜನರ ಆತ್ಮಗೌರವವನ್ನು ಕಾವ್ಯವಾಗಿಸುತ್ತಿದ್ದ ಆ ಗೆಳೆಯನ ದೀರ್ಘ ಕವಿತೆಯ ಸ್ಪ್ಯಾನಿಷ್ ಅನುವಾದಕ್ಕೆ ಮುಂದೆ ಚಿತ್ರ ಬರೆದವರು ಲಾಮ್ ಅವರೇ. ಸುಮಾರು 18 ವರ್ಷಗಳ ನಂತರ ಕ್ಯೂಬಾದ ನೆಲದ ಮೇಲೆ ಕಾಲಿಟ್ಟಾಗ ಕಂಡದ್ದು ಪ್ರವಾಸಿಗರ ಮೋಜಿಗಾಗಿ ಮಾರಾಟಕ್ಕಿಟ್ಟ ಕಪ್ಪು ಸಂಸ್ಕೃತಿ, ಬಡತನ ಮತ್ತು ವರ್ಣಭೇದ. ‘ದಿ ಜಂಗಲ್’ ಹುಟ್ಟಿದ್ದು ಆ ಆಘಾತದಿಂದ. ಹಾಗಿರುವಾಗ ಅದನ್ನು ಪ್ಯಾರಿಸ್ಸಿನ ಪಾಠದ ಫಲ ಎಂದು ಹೇಗೆ ಕರೆಯುವುದು?

ಕಬ್ಬಿನಗದ್ದೆ

ಕಲೆಯ ವಿಷಯದಲ್ಲಿ ನನಗೆ ಪಾಂಡಿತ್ಯವಿಲ್ಲ, ನಾವು ಮಂಡ್ಯ ಕಡೆಯ ಕೃಷಿಕರು. ಈ ಚರ್ಚೆ ಓದಿ ಆ ಚಿತ್ರವನ್ನು ಹುಡುಕಿ, ಕಂಪ್ಯೂಟರ್ ಪರದೆಯ ಮೇಲೆ ದೊಡ್ಡದು ಮಾಡಿ ನೋಡಿದೆ. ಹೆಸರು ಕಾಡು ಎಂದಿದ್ದರೂ ಅಲ್ಲಿರುವುದು ಕಬ್ಬಿನ ಗದ್ದೆ. ಜಲ್ಲೆಗಳ ಮೇಲೆ ಗೆಣ್ಣು ಗೆಣ್ಣಾಗಿ ಗೆರೆ ಎಳೆದಿದ್ದಾರೆ. ಇನ್ನೂ ಸ್ವಲ್ಪ ನೋಡಿದರೆ ಆ ಮನುಷ್ಯಾಕೃತಿಗಳ ಉದ್ದನೆಯ ಕಾಲುಗಳು ಎಲ್ಲಿ ಮುಗಿದವು, ಜಲ್ಲೆ ಎಲ್ಲಿ ಶುರುವಾಯಿತು ಎಂದು ಬಿಡಿಸಿ ಹೇಳಲು ಆಗುವುದಿಲ್ಲ. ಪಾದಗಳು ಮಾತ್ರ ವಿಪರೀತ ದೊಡ್ಡವು, ನೆಲಕ್ಕೆ ಊರಿಕೊಂಡಿವೆ.

ಬೆಳೆದು ನಿಂತ ಕಬ್ಬಿನೊಳಗೆ ಹೊಕ್ಕವರಿಗೆ ಗೊತ್ತಿರುತ್ತದೆ: ನಾಲ್ಕು ಹೆಜ್ಜೆ ಇಟ್ಟ ಮೇಲೆ ಆಕಾಶ ಕಾಣುವುದಿಲ್ಲ, ಗಾಳಿ ಆಡುವುದಿಲ್ಲ, ಸೋಗೆಯ ಅಂಚು ಕೈ ಕುತ್ತಿಗೆಯನ್ನೆಲ್ಲ ಗೀರುತ್ತದೆ. ಈ ಚಿತ್ರದಲ್ಲಿಯೂ ಆಕಾಶವಿಲ್ಲ, ದಾರಿಯಿಲ್ಲ. ಹೊಲದೊಳಗೆ ನಿಂತು ಕಟಾವು ಮಾಡಿದವರನ್ನು ಹತ್ತಿರದಿಂದ ಬಲ್ಲವರು ಮಾತ್ರ ಹೀಗೆ ಬರೆಯಬಲ್ಲರು ಎಂದು ನನಗೆ ಅನ್ನಿಸಿತು.

ರೇಖೆ-ಬಣ್ಣ

ಬಹಳ ಉಪಕಾರವಾಯಿತು ಸರ್. ಇಷ್ಟು ವಿವರವಾಗಿ ಗೆಣ್ಣನ್ನು ನೋಡಿ ಹೇಳಿದವರನ್ನು ನಾನು ಕಲಾವಿಮರ್ಶೆಯಲ್ಲಿಯೂ ಹೆಚ್ಚು ಕಂಡಿಲ್ಲ.

ಇತಿಹಾಸಪ್ರಿಯ

ಕಬ್ಬಿನಗದ್ದೆ ಅವರು ಹೇಳಿದ್ದು ಚಿತ್ರದ ಮರ್ಮ. ಕಬ್ಬು ಕೆರಿಬಿಯನ್ನಿನ ಸ್ಥಳೀಯ ಬೆಳೆಯಲ್ಲ. ಯುರೋಪಿಯನ್ನರು ತಂದು ನೆಟ್ಟದ್ದು. ಅದನ್ನು ಬೆಳೆಯಲು ಆಫ್ರಿಕಾದಿಂದ ಜನರನ್ನು ಹಿಡಿದು ತಂದರು. ಗುಲಾಮರ ಸರಬರಾಜು ಕಷ್ಟವಾಗುತ್ತಾ ಬಂದಾಗ 1847ರಿಂದ 1874ರವರೆಗೆ ಸುಮಾರು 1,25,000 ಚೀನೀ ಕೂಲಿಗಳನ್ನು ಕರಾರಿನ ಮೇಲೆ ಕ್ಯೂಬಾಕ್ಕೆ ಸಾಗಿಸಿದರು. ಹೀಗಾಗಿ ಲಾಮ್ ಅವರ ಮೈಯಲ್ಲಿ ಕೂಡಿದ ಆಫ್ರಿಕಾ, ಚೀನಾ, ಸ್ಪೇನ್ ಮೂರೂ ಆ ದ್ವೀಪದಲ್ಲಿ ಎದುರುಬದುರಾದದ್ದು ಬಹುಮಟ್ಟಿಗೆ ಸಕ್ಕರೆಯ ದೆಸೆಯಿಂದ.

ಇನ್ನೊಂದು ವಿಷಯ. ಕ್ಯೂಬಾದ ವಿದ್ವಾಂಸ ಫೆರ್ನಾಂದೊ ಓರ್ತಿಸ್ 1940ರಲ್ಲಿ, ಅಂದರೆ ಲಾಮ್ ಮರಳುವುದಕ್ಕೆ ಹಿಂದಿನ ವರ್ಷ, ತಂಬಾಕು ಮತ್ತು ಸಕ್ಕರೆ ಎಂಬ ಎರಡು ಬೆಳೆಗಳ ಮೂಲಕವೇ ಇಡೀ ದೇಶದ ಚರಿತ್ರೆಯನ್ನು ವಿವರಿಸುವ ಗ್ರಂಥ ಪ್ರಕಟಿಸಿದ್ದರು. ‘ದಿ ಜಂಗಲ್’ನಲ್ಲಿ ಕಬ್ಬಿನ ನಡುವೆ ಅಗಲವಾದ ಎಲೆಗಳೂ ಇವೆ, ಗಮನಿಸಿ, ಅವುಗಳನ್ನು ತಂಬಾಕಿನ ಎಲೆಗಳೆಂದೇ ಓದುವುದು ವಾಡಿಕೆ. ಹವಾನಾದ ಬುದ್ಧಿಜೀವಿಗಳ ಬಳಗದಲ್ಲಿ ಆಗ ನಡೆಯುತ್ತಿದ್ದ ಈ ಚರ್ಚೆಯನ್ನು ಬಿಟ್ಟು ಚಿತ್ರವನ್ನು ಅರ್ಥಮಾಡಿಕೊಳ್ಳಲು ಹೊರಟರೆ ಅರ್ಧ ಮಾತ್ರ ದಕ್ಕುತ್ತದೆ. ಆಫ್ರೊ-ಕ್ಯೂಬನ್ ನಂಬಿಕೆಗಳ ಬಗ್ಗೆ ಜೀವನವಿಡೀ ಅಧ್ಯಯನ ಮಾಡಿದ ಲಿದಿಯಾ ಕಾಬ್ರೆರಾ ಲಾಮ್ ಅವರ ಆಪ್ತರಾಗಿದ್ದರು ಎಂಬುದನ್ನೂ ನಿಮ್ಮ ಟಿಪ್ಪಣಿಗೆ ಸೇರಿಸಿ.

ಕಡಲತಡಿ

ಲಾಮ್ ಅವರ ಹಲವಾರು ಚಿತ್ರಗಳಲ್ಲಿ ಹೆಣ್ಣಿನ ದೇಹಕ್ಕೆ ಕುದುರೆಯ ಮುಖವಿದೆ. ಅದನ್ನು ಸರ್ರಿಯಲಿಸ್ಟರ ಕನಸಿನ ಕಲ್ಪನೆ ಎಂದು ಅನೇಕರು ಬರೆದುಬಿಡುತ್ತಾರೆ. ಸಾಂತೆರಿಯಾದಲ್ಲಿ ಒರಿಷಾ ಭಕ್ತರ ಮೈಮೇಲೆ ಬರುತ್ತದೆ. ಹಾಗೆ ಬಂದಾಗ ಆ ಭಕ್ತ ಅಥವಾ ಭಕ್ತೆ ದೇವತೆ ಏರಿದ ಕುದುರೆ ಎಂದು ಆ ಜನ ಭಾವಿಸುತ್ತಾರೆ. ಆದ್ದರಿಂದ ಕುದುರೆ ಮುಖದ ಆ ಹೆಣ್ಣು ದೇವತೆ ಆವಾಹನೆಯಾದ ಗಳಿಗೆಯಲ್ಲಿರುವ ಭಕ್ತೆ. ಕರಾವಳಿಯಲ್ಲಿ ದರ್ಶನ ಪಾತ್ರಿಗಳನ್ನು ನೋಡುತ್ತಾ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸಾಧನಕೇರಿ

ಕಡಲತಡಿ ಅವರೇ, ವಿವರಣೆ ಸರಿಯಾಗಿದೆ. ಆದರೆ ನಮ್ಮ ಆಚರಣೆಯ ಜೊತೆ ಕೂಡಿಸುವಾಗ ಸ್ವಲ್ಪ ಎಚ್ಚರ ಬೇಕು. ಸಾಂತೆರಿಯಾ ಎಂಬುದು ಊರು, ಮನೆತನ, ಭಾಷೆ ಎಲ್ಲವನ್ನೂ ಕಸಿದುಕೊಂಡ ನಂತರ ಜನರು ನೆನಪಿನ ಬಲದಿಂದ ಕಟ್ಟಿಕೊಂಡ ಧರ್ಮ. ಆ ನೋವಿನ ಚರಿತ್ರೆ ಅದರದ್ದೇ.

ಹವ್ಯಾಸಿ

ಒಂದು ಮುಖ್ಯ ಆಕ್ಷೇಪವಿದೆ. ಧರ್ಮತಾಯಿಯ ಮನೆಯಲ್ಲಿ ಮುಖವಾಡಗಳನ್ನು ನೋಡಿ ಬೆಳೆದರು, ಆದ್ದರಿಂದ ಅವರ ಚಿತ್ರದಲ್ಲಿ ಮುಖವಾಡಗಳು ಬಂದವು ಎಂದು ಬಹಳ ಮಂದಿ ಸಲೀಸಾಗಿ ಬರೆಯುತ್ತಾರೆ. ಸಾಂತೆರಿಯಾದ ಪೂಜೆಯಲ್ಲಿ ಅಂಥ ಮರದ ಮುಖವಾಡಗಳಿಗೆ ಸ್ಥಾನವಿಲ್ಲ. ಅಲ್ಲಿ ಒರಿಷಾಗಳು ನೆಲೆಸುವುದು ಮುಚ್ಚಳವಿರುವ ಪಾತ್ರೆಗಳಲ್ಲಿಟ್ಟ ಕಲ್ಲುಗಳಲ್ಲಿ. ಲಾಮ್ ಆಫ್ರಿಕಾದ ಶಿಲ್ಪಗಳನ್ನು ಹತ್ತಿರದಿಂದ ಅಭ್ಯಾಸ ಮಾಡಿದ್ದು ಯುರೋಪಿನಲ್ಲಿ. ಪ್ಯಾರಿಸ್ಸಿನಲ್ಲಿ ಅವುಗಳ ಬಗ್ಗೆ ಹೇಳಿಕೊಡಲು ಲೇಖಕ, ಜನಾಂಗಶಾಸ್ತ್ರಜ್ಞ ಮಿಶೆಲ್ ಲೇರಿಸ್ ಅವರಿಗೆ ಒಪ್ಪಿಸಿದವರು ಪಿಕಾಸೊ. ಅಂದರೆ ಪೂರ್ವಜರ ಕಲೆ ಅವರಿಗೆ ದೊರೆತದ್ದು ವಸಾಹತುಶಾಹಿಗಳ ಸಂಗ್ರಹಾಲಯದ ಗಾಜಿನ ಪೆಟ್ಟಿಗೆಯ ಮೂಲಕ. ಈ ಸತ್ಯವನ್ನು ಮುಚ್ಚಿಡಬಾರದು.

ಸಾಧನಕೇರಿ

ಇದು ತೂಕದ ಮಾತು, ಇದನ್ನು ನಾನು ಮನಸಾರೆ ಒಪ್ಪುತ್ತೇನೆ. ಆದರೂ ಎಲ್ಲಿ ನೋಡಿದರು ಎಂಬುದಕ್ಕಿಂತ, ನೋಡಿದ ಮೇಲೆ ಎಲ್ಲಿಗೆ ತಂದರು ಎಂಬುದು ಹೆಚ್ಚಿನದು. ಪಿಕಾಸೊ 1907ರಲ್ಲಿ ತಮ್ಮ ಐವರು ಹೆಂಗಸರ ಪ್ರಸಿದ್ಧ ಚಿತ್ರದಲ್ಲಿ ಮುಖವಾಡವನ್ನು ಬಳಸಿದಾಗ ಅದನ್ನು ಮಾಡಿದ ಜನರ ಬದುಕಿನ ಪ್ರಶ್ನೆ ಅವರ ಮುಂದಿರಲಿಲ್ಲ. ಯುರೋಪಿನ ಚಿತ್ರಕಲೆಯ ಹಳೆಯ ಕಟ್ಟನ್ನು ಒಡೆಯಲು ಒಂದು ಬಲವಾದ ರೂಪ ಬೇಕಿತ್ತು, ಸಿಕ್ಕಿತು. ಲಾಮ್ ಅದೇ ರೂಪವನ್ನು ಎತ್ತಿಕೊಂಡು ಹೋಗಿ, ಆ ಮುಖವಾಡ ಮಾಡಿದವರ ಮೊಮ್ಮಕ್ಕಳು ಬೆವರು ಸುರಿಸಿದ ಕಬ್ಬಿನ ಗದ್ದೆಯ ನಡುವೆ ನಿಲ್ಲಿಸಿದರು. ತಮ್ಮ ಚಿತ್ರಕಲೆ ವಸಾಹತುಶಾಹಿಯಿಂದ ಬಿಡಿಸಿಕೊಳ್ಳುವ ಕ್ರಿಯೆ ಎಂಬರ್ಥದ ಮಾತನ್ನು ಲಾಮ್ ಅವರೇ ಆಡಿದ್ದಾರೆ. ಟ್ರಾಯ್ ನಗರಕ್ಕೆ ನುಗ್ಗಿದ ಮರದ ಕುದುರೆಯಂತೆ ಶೋಷಕರ ಕನಸು ಕೆಡಿಸುವ ಆಕೃತಿಗಳನ್ನು ಹೊರಬಿಡಬೇಕೆಂಬುದು ಅವರ ಆಸೆಯಾಗಿತ್ತು.

ಸಾಂತೆರಿಯಾದಿಂದ ನೇರವಾಗಿ ಬಂದದ್ದೂ ಉಂಟು. ಅವರ ಎಷ್ಟೋ ಚಿತ್ರಗಳಲ್ಲಿ ಎಲೆಯ ಸಂದಿನಿಂದ, ಕೈಯ ಮೇಲಿನಿಂದ ಕೊಂಬಿರುವ ಪುಟ್ಟ ದುಂಡು ತಲೆಯೊಂದು ಇಣುಕುತ್ತದೆ. ಅದು ದಾರಿಗಳ ಒಡೆಯನಾದ ಎಲೆಗ್ವಾ. ಕ್ಯೂಬಾದ ಮನೆಗಳಲ್ಲಿ ಅವನನ್ನು ಕವಡೆಯ ಕಣ್ಣಿಟ್ಟ ಸಣ್ಣ ತಲೆಯ ರೂಪದಲ್ಲಿ ಬಾಗಿಲ ಹಿಂದೆ ಇಟ್ಟು ಪೂಜಿಸುತ್ತಾರೆ. ಇದನ್ನು ಯಾವ ಪ್ಯಾರಿಸ್ಸೂ ಕಲಿಸಿಕೊಡಲಿಲ್ಲ.

ಮಸಿಕುಂಚ

ನಾನು ಚಿತ್ರ ಬರೆಯುವವನು. ನೀವೆಲ್ಲರೂ ಸಂಕೇತಗಳನ್ನು ಬಿಡಿಸುವುದರಲ್ಲಿ ಮುಳುಗಿದ್ದೀರಿ, ಬಣ್ಣ ಮತ್ತು ರಚನೆಯ ಬಗ್ಗೆ ಯಾರೂ ಮಾತನಾಡುತ್ತಿಲ್ಲ. ಒಬ್ಬ ಕಲಾವಿದನ ವಂಶ, ಧರ್ಮ, ದೇಶ ಗೊತ್ತಿದ್ದರೆ ಮಾತ್ರ ಚಿತ್ರ ನಿಲ್ಲುತ್ತದೆ ಎಂದಾದರೆ ಅದು ಚಿತ್ರದ ಸೋಲು. ‘ದಿ ಜಂಗಲ್’ ಗೆದ್ದಿರುವುದು ಅದರ ಲಯದಿಂದ. ಉದ್ದುದ್ದ ಗೆರೆಗಳ ಸಾಲು, ಅದನ್ನು ಅಲ್ಲಲ್ಲಿ ತಡೆಯುವ ಅರ್ಧಚಂದ್ರದಂಥ ಮುಖಗಳು ಮತ್ತು ದುಂಡನೆಯ ಸ್ತನ, ಪೃಷ್ಠಗಳು, ನೀಲಿ ಹಸಿರಿನ ನಡುವೆ ಹಠಾತ್ತನೆ ಹೊಳೆಯುವ ಕಿತ್ತಳೆ ಹಳದಿ ಇವುಗಳಿಂದ ಕಣ್ಣು ಎಲ್ಲಿಯೂ ನೆಲೆ ನಿಲ್ಲದಂತೆ ಓಡುತ್ತದೆ. ಇದನ್ನು ಮೊದಲು ಮಕ್ಕಳಿಗೆ ತೋರಿಸಿ.

ರೇಖೆ-ಬಣ್ಣ

ಮಸಿಕುಂಚ ಅವರೇ, ಲಯವನ್ನು ತೋರಿಸುತ್ತೇನೆ. ಆದರೆ ಕಣ್ಣು ನೆಲೆ ನಿಲ್ಲದಂತೆ ಮಾಡಬೇಕೆಂದು ಆ ಕಲಾವಿದರಿಗೆ ಏಕೆ ಅನ್ನಿಸಿತು ಎಂಬ ಪ್ರಶ್ನೆಗೆ ಕಬ್ಬಿನಗದ್ದೆ ಅವರು ಕೊಟ್ಟ ಉತ್ತರದಷ್ಟು ಒಳ್ಳೆಯದು ರಚನೆಯ ವಿಶ್ಲೇಷಣೆಯಿಂದ ಸಿಗಲಾರದು.

ಹಡ್ಸನ್ ದಡ

ನಾನು ನ್ಯೂಜೆರ್ಸಿಯಲ್ಲಿದ್ದೇನೆ, ಈ ಚಿತ್ರವನ್ನು ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ಕಣ್ಣಾರೆ ನೋಡಿದ್ದೇನೆ. ಸುಮಾರು 239 ಸೆಂಟಿಮೀಟರ್ ಎತ್ತರ, 230 ಸೆಂಟಿಮೀಟರ್ ಅಗಲ ಇರುವುದರಿಂದ ಆಕೃತಿಗಳು ನಮಗಿಂತ ಎತ್ತರವಾಗಿ ಎದುರು ನಿಲ್ಲುತ್ತವೆ. ಫೋಟೋದಲ್ಲಿ ದಟ್ಟವಾಗಿ ಕಾಣುವ ಬಣ್ಣ ಎದುರಿಗೆ ನೋಡಿದಾಗ ಬಹಳ ತೆಳು. ಲಾಮ್ ಅದನ್ನು ಬರೆದಿರುವುದು ಕಾಗದದ ಮೇಲೆ. ಆ ಕಾಗದವನ್ನು ಆಮೇಲೆ ಕ್ಯಾನ್ವಾಸಿಗೆ ಅಂಟಿಸಲಾಗಿದೆ. ಕೆಲವು ಕಡೆ ಬಣ್ಣ ನೀರಿನಂತೆ ಹರಿದಿದೆ, ಕೆಲವು ಕಡೆ ಕಾಗದದ ಮೈಯನ್ನು ಹಾಗೆಯೇ ಬಿಟ್ಟಿದ್ದಾರೆ.

ಇದನ್ನು ಮೊದಲು ತೋರಿಸಿದ್ದು 1944ರಲ್ಲಿ, ನ್ಯೂಯಾರ್ಕಿನ ಪಿಯರ್ ಮತೀಸ್ ಗ್ಯಾಲರಿಯಲ್ಲಿ. ಸಂಗ್ರಹಾಲಯ ಅದನ್ನು 1945ರಲ್ಲಿ ಕೊಂಡಿತು. ಆದರೆ ಬಹಳ ಕಾಲ ಪಿಕಾಸೊ ಮುಂತಾದವರ ಕೊಠಡಿಗಳಲ್ಲಿ ಅದಕ್ಕೆ ಜಾಗ ಸಿಗಲಿಲ್ಲ. ಕೋಟುಗಳನ್ನು ಬಿಟ್ಟುಹೋಗುವ ಕೋಣೆಯತ್ತ ಸಾಗುವ ಹಾದಿಯಲ್ಲಿ ತೂಗುಹಾಕಿದ್ದರು. ಕವಿ, ವಿಮರ್ಶಕ ಜಾನ್ ಯಾವ್ 1988ರಲ್ಲಿ ಈ ಬಗ್ಗೆ ಲೇಖನ ಬರೆದು ಪ್ರತಿಭಟಿಸಿದರು. ಅದೇ ಸಂಗ್ರಹಾಲಯ 2025ರ ನವೆಂಬರ್‌ನಲ್ಲಿ ಲಾಮ್ ಅವರ ಇಡೀ ಜೀವಮಾನದ ಕೃತಿಗಳ ದೊಡ್ಡ ಪ್ರದರ್ಶನವನ್ನು ತೆರೆಯಿತು. ಮೇಡಂ, ನಿಮ್ಮ ಟಿಪ್ಪಣಿಯ ಆ ಒಂದು ವಾಕ್ಯ ಮತ್ತು ಕೋಟಿನ ಕೋಣೆಯ ಆ ಹಾದಿ ಎರಡೂ ಒಂದೇ ಮನೋಭಾವದಿಂದ ಬಂದವು ಎಂದು ನನ್ನ ದೃಢ ಅಭಿಪ್ರಾಯ.

ಕೆನೆಬಣ್ಣ

ಮಾರುಕಟ್ಟೆಯೂ ಈಗ ಎಚ್ಚೆತ್ತಿದೆ. ಅವರ 1943ರ ‘ಓಮಿ ಓಬಿನಿ’ ಎಂಬ ಚಿತ್ರ 2020ರ ಹರಾಜಿನಲ್ಲಿ ಸುಮಾರು 96 ಲಕ್ಷ ಡಾಲರಿಗೆ ಮಾರಾಟವಾಯಿತು.

ಮಸಿಕುಂಚ

ಹರಾಜಿನ ಬೆಲೆಯಿಂದ ಚಿತ್ರದ ಯೋಗ್ಯತೆಯನ್ನು ಅಳೆಯುವುದು ಬೇಡ, ದಯವಿಟ್ಟು.

ಅಕ್ಷರದೀಪ

ಕೆರಿಬಿಯನ್ ಚಿತ್ರಕಲೆಗೆ ಲಾಮ್ ಒಬ್ಬರನ್ನೇ ಪ್ರತಿನಿಧಿ ಮಾಡುವುದೂ ಸರಿಯಲ್ಲ. 1945ರ ಕೊನೆಯಲ್ಲಿ ಲಾಮ್ ಮತ್ತು ಬ್ರೆತೋಂ ಹೈಟಿಗೆ ಹೋದಾಗ ಅಲ್ಲಿ ಎಕ್ತೋರ್ ಇಪ್ಪೊಲಿತ್ ಎಂಬವರ ಚಿತ್ರಗಳನ್ನು ನೋಡಿ ಬೆರಗಾದ ಬ್ರೆತೋಂ ಕೆಲವನ್ನು ಕೊಂಡುಕೊಂಡರು. 1894ರಲ್ಲಿ ಸೇಂಟ್-ಮಾರ್ಕ್ ಊರಿನಲ್ಲಿ ಹುಟ್ಟಿದ ಇಪ್ಪೊಲಿತ್ ಸ್ವತಃ ಹೈಟಿಯ ಜನಪದ ಧರ್ಮವಾದ ವೂಡೂವಿನ ಪುರೋಹಿತರು. ಕಲಾಶಾಲೆಯ ಮೆಟ್ಟಿಲು ಹತ್ತದ ಅವರು ಮನೆಗೆ ಬಳಿಯುವ ಬಣ್ಣ, ಕೋಳಿಪುಕ್ಕ, ಬೆರಳು ಇವುಗಳಿಂದಲೇ ತಮ್ಮ ದೇವತೆಗಳನ್ನು ಬರೆದರು. ಅವರ ಕೈಚಳಕ ಮೊದಲು ಹೊರಗಿನವರ ಕಣ್ಣಿಗೆ ಬಿದ್ದದ್ದು ಹೆದ್ದಾರಿಯ ಬದಿಯ ಮದ್ಯದಂಗಡಿಯೊಂದರ ಬಾಗಿಲ ಮೇಲೆ. ದ್ವೀಪದ ನಂಬಿಕೆ ಯಾವ ಯುರೋಪಿನ ಹಾದಿಯನ್ನೂ ತುಳಿಯದೆ ಚಿತ್ರವಾದದ್ದನ್ನು ನೋಡಬೇಕಾದರೆ ಇಪ್ಪೊಲಿತ್ ಅವರನ್ನು ನೋಡಬೇಕು.

ಕಡಲತಡಿ

ಭಾರತದಿಂದ ಹೋದವರ ಸಂತತಿಯಲ್ಲಿ ಇಂಥ ಕಲಾವಿದರು ಇದ್ದಾರೆಯೇ? 1845ರ ಮೇ 30ರಂದೇ ನಮ್ಮ ಜನರನ್ನು ಹೊತ್ತ ಮೊದಲ ಹಡಗು ಟ್ರಿನಿಡಾಡನ್ನು ತಲುಪಿತ್ತಲ್ಲ, ಅವರೂ ಕಬ್ಬಿನ ಗದ್ದೆಗಳಿಗೇ ಹೋದವರು.

ಅಕ್ಷರದೀಪ

ಇದ್ದಾರೆ. ಟ್ರಿನಿಡಾಡಿನ ವೆಂಡಿ ನಾನನ್ ಪೇಪರ್ ಮ್ಯಾಶೆಯಲ್ಲಿ ಬಾಲಕೃಷ್ಣನನ್ನು ಮಾಡಿದ್ದಾರೆ; ಹಿಂದೂ ಮತ್ತು ಕ್ರೈಸ್ತ ರೂಪಗಳನ್ನು ಒಟ್ಟಿಗೆ ಕೂರಿಸುವುದು ಅವರ ವಿಶೇಷ. ಅದಕ್ಕೆ ಪ್ರತ್ಯೇಕ ಚರ್ಚೆಯೇ ಬೇಕಾಗುತ್ತದೆ. ಇಲ್ಲಿ ಲಾಮ್ ಅವರಿಗೆ ಮರಳೋಣ.

ಇತಿಹಾಸಪ್ರಿಯ

ರಾಜಕೀಯದ ಮಾತೂ ಸ್ವಲ್ಪ ಬರಲಿ. ಲಾಮ್ 1952ರಲ್ಲಿ ಮತ್ತೆ ಪ್ಯಾರಿಸ್ಸಿನಲ್ಲಿ ನೆಲೆಸಿದರು. ಮುಂದೆ ಇಟಲಿಯ ಅಲ್ಬಿಸೊಲಾದಲ್ಲಿ ಮಣ್ಣಿನ ಕೆಲಸವನ್ನೂ ಬಹಳಷ್ಟು ಮಾಡಿದರು. ಆದರೂ 1959ರ ಕ್ರಾಂತಿಯ ನಂತರ ಕ್ಯೂಬಾದ ನಂಟು ಗಟ್ಟಿಯಾಯಿತು. 1965–66ರಲ್ಲಿ ಹವಾನಾದ ಅಧ್ಯಕ್ಷರ ಭವನಕ್ಕಾಗಿ ‘ಮೂರನೆಯ ಜಗತ್ತು’ ಎಂಬ ದೊಡ್ಡ ಚಿತ್ರ ಬರೆದರು. 1967ರಲ್ಲಿ ಯುರೋಪಿನ ಕಲಾವಿದರನ್ನು ಹವಾನಾಕ್ಕೆ ಕರೆತರುವುದರಲ್ಲಿ ಮುಂದಾಳಾಗಿದ್ದರು. 1982ರ ಸೆಪ್ಟೆಂಬರ್ 11ರಂದು ಪ್ಯಾರಿಸ್ಸಿನಲ್ಲಿ ತೀರಿಕೊಂಡರು. ಚಿತಾಭಸ್ಮವನ್ನು ಹವಾನಾಕ್ಕೆ ಒಯ್ಯಲಾಯಿತು. ಸರ್ಕಾರ ಅವರನ್ನು ತನ್ನ ಪ್ರತಿಷ್ಠೆಗೆ ಬಳಸಿಕೊಂಡಿತು ಎನ್ನುವವರೂ ಇದ್ದಾರೆ. ನನ್ನ ಮಟ್ಟಿಗೆ, 1941ರಲ್ಲಿ ದೇಶದ ಸ್ಥಿತಿಯನ್ನು ಕಂಡು ನೊಂದವರು 1959ರ ಬದಲಾವಣೆಯನ್ನು ಸ್ವಾಗತಿಸಿದ್ದರಲ್ಲಿ ವಿರೋಧಾಭಾಸ ಏನೂ ಇಲ್ಲ.

ಕಬ್ಬಿನಗದ್ದೆ

ಚಿತ್ರದ ಬಲಗಡೆ ಮೇಲ್ಭಾಗದಲ್ಲಿ ಒಂದು ಕೈ ಕತ್ತರಿ ಹಿಡಿದಿದೆ. ಕಬ್ಬು ಕಡಿಯಲು ಯಾರೂ ಕತ್ತರಿ ಹಿಡಿಯುವುದಿಲ್ಲ, ಮಚ್ಚು ಹಿಡಿಯುತ್ತಾರೆ. ಹಾಗಿದ್ದರೆ ಕತ್ತರಿ ಏಕೆ? ತಿಳಿದವರು ಹೇಳಬೇಕು.

ಸಾಧನಕೇರಿ

ಒಳ್ಳೆಯ ಪ್ರಶ್ನೆ ಸರ್. ವಸಾಹತುಶಾಹಿಯ ಸಂಸ್ಕೃತಿಯೊಡನೆ ಸಂಬಂಧ ಕತ್ತರಿಸಿಕೊಳ್ಳುವುದರ ಗುರುತು ಎಂದು ಕೆಲವರು ಓದುತ್ತಾರೆ. ಕಬ್ಬಿಣ ಮತ್ತು ಹರಿತವಾದ ಉಪಕರಣಗಳ ಒಡೆಯನಾದ ಒಗುನ್ ಎಂಬ ಒರಿಷಾ ಅಲ್ಲಿದ್ದಾನೆ ಎನ್ನುವವರೂ ಇದ್ದಾರೆ. ನನಗೆ ಎರಡನೆಯದು ಹೆಚ್ಚು ಹಿಡಿಸುತ್ತದೆ, ಏಕೆಂದರೆ ಚಿತ್ರದ ಉಳಿದ ಆಕೃತಿಗಳೂ ಅದೇ ಲೋಕದವು.

ಹವ್ಯಾಸಿ

ನನಗೆ ಮೊದಲನೆಯದೇ ಸರಿ ಎನ್ನಿಸುತ್ತದೆ. ಲಾಮ್ ದೀಕ್ಷೆ ಪಡೆದ ಸಾಂತೆರಿಯಾ ಭಕ್ತರಾಗಿರಲಿಲ್ಲ. ಧರ್ಮತಾಯಿಗೆ ಅವರನ್ನು ಆ ದಾರಿಗೆ ತರುವ ಆಸೆ ಇದ್ದರೂ ಅವರು ಹೋಗಲಿಲ್ಲ. ಹೀಗಿರುವಾಗ ಪ್ರತಿಯೊಂದು ವಸ್ತುವಿಗೂ ಒಂದೊಂದು ದೇವತೆಯ ಹೆಸರು ಅಂಟಿಸುತ್ತಾ ಹೋದರೆ ಚಿತ್ರವನ್ನು ಪೂಜಾವಿಧಿಯ ಕೈಪಿಡಿ ಮಾಡಿದಂತಾಗುತ್ತದೆ.

ರೇಖೆ-ಬಣ್ಣ

ಎರಡೂ ಓದುಗಳನ್ನು ತರಗತಿಯ ಮುಂದಿಟ್ಟು ವಿದ್ಯಾರ್ಥಿಗಳೇ ವಾದಿಸಲಿ ಎಂದು ಬಿಡುತ್ತೇನೆ. ‘ದಿ ಜಂಗಲ್’ ಜೊತೆಗೆ ತೋರಿಸಬಹುದಾದ ಇನ್ನೊಂದು ಚಿತ್ರವನ್ನು ಯಾರಾದರೂ ಸೂಚಿಸಬಹುದೇ? ಅಷ್ಟು ಜನಜಂಗುಳಿ ಇಲ್ಲದ್ದು ಸಿಕ್ಕರೆ ಹೊಸಬರಿಗೆ ಅನುಕೂಲ.

ಹಡ್ಸನ್ ದಡ

ಅದೇ 1943ರ ‘ಕುರ್ಚಿ’ ತೋರಿಸಿ ಮೇಡಂ. ಅದು ಹವಾನಾದ ರಾಷ್ಟ್ರೀಯ ಕಲಾ ಸಂಗ್ರಹಾಲಯದಲ್ಲಿದೆ. ಮನುಷ್ಯರು ಯಾರೂ ಇಲ್ಲ. ದಟ್ಟ ಹಸಿರಿನ ನಡುವೆ ಒಂದು ಸಾದಾ ಮರದ ಕುರ್ಚಿ, ಅದರ ಮೇಲೆ ಎಲೆಗಳನ್ನು ಇಟ್ಟ ಹೂದಾನಿ, ಅಷ್ಟೇ. ಮನೆಯೊಳಗೆ ಇರಬೇಕಾದ ಕುರ್ಚಿಯನ್ನು ಪೊದೆಯ ನಡುವೆ ಇಟ್ಟಾಗ ಅದು ಪೂಜೆಯ ಪೀಠದಂತೆ ಕಾಣುತ್ತದೆ. ಮೊದಲು ಇದನ್ನು ತೋರಿಸಿ, ಎಲೆಗಳನ್ನು ಗುರುತಿಸಲು ಹೇಳಿ, ಆಮೇಲೆ ದೊಡ್ಡ ಚಿತ್ರಕ್ಕೆ ಕರೆದುಕೊಂಡು ಹೋಗಿ.